ಎಳೆಚಳಿ ಲಕ್ಷಣ ಸಂಗ್ರಹ

(ದೇವನಹಳ್ಳಿ ಸೀಮೆಯ ಹೊಲ, ತೋಟ, ಕೊಟ್ಟಿಗೆ, ಹುಳುಮನೆಗಳಿಗೆ ಅನ್ವಯಿಸುವಂತೆ ರಚಿಸಿದ್ದು)

ಭಾರತ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಚಳಿಗಾಲವೆಂದರೆ ಜನವರಿ, ಫೆಬ್ರವರಿ. ಅಕ್ಟೋಬರಿನಿಂದ ಡಿಸೆಂಬರಿನವರೆಗಿನದು ಮುಂಗಾರೋತ್ತರ ಕಾಲ. ಪಂಚಾಂಗದ ಲೆಕ್ಕದಲ್ಲಿ ಕಾರ್ತಿಕ ಮುಗಿಯುವ ತನಕ ಶರದೃತು, ಮಾರ್ಗಶಿರ ಹುಟ್ಟಿದ ಮೇಲೆ ಹೇಮಂತ. ಹೀಗಾಗಿ ನವೆಂಬರ್ ನಡುವೆ ಬೆಳಗಿನ ಜಾವ ಎದ್ದು, ಕಿವಿಗೆ ಟವಲ್ ಸುತ್ತಿ, ಹಸುವಿನ ಕೆಚ್ಚಲು ತೊಳೆಯಲು ನೀರು ಕಾಯಿಸುವ ದೇವನಹಳ್ಳಿಯ ರೈತನಿಗೆ ಆಗುತ್ತಿರುವುದು ಚಳಿಯೇ ಅಲ್ಲ ಎಂದು ಒಂದು ಕಡೆಯಿಂದ ಸರ್ಕಾರವೂ ಇನ್ನೊಂದು ಕಡೆಯಿಂದ ಶಾಸ್ತ್ರವೂ ಸಾಧಿಸಿಬಿಡುತ್ತವೆ. ಅವನ ಹಲ್ಲು ಮಾತ್ರ ಎರಡನ್ನೂ ಒಪ್ಪದೆ ಕಟಕಟ ಎನ್ನುತ್ತಿರುತ್ತದೆ. ಎರಡು ಇಲಾಖೆಗಳ ನಡುವೆ ಅನಾಥವಾಗಿ ಬಿದ್ದಿರುವ ಈ ಚಳಿಗೆ ಎಳೆಚಳಿ ಎಂದು ಹೆಸರಿಟ್ಟು, ಅದರ ಪ್ರಭೇದಗಳನ್ನು ನಿರೂಪಿಸುವುದು ಈ ಗ್ರಂಥದ ಪ್ರಯೋಜನ.

ಇಂಥ ಕೆಲಸಕ್ಕೆ ನಮ್ಮ ಭಾಷೆಯಲ್ಲಿ ಹಿರಿಯರಿಲ್ಲವೆಂದಲ್ಲ. 1025ರ ಸುಮಾರಿಗೆ ಚಾವುಂಡರಾಯ ಬರೆದ ಲೋಕೋಪಕಾರದಲ್ಲಿ ಮನೆ ಕಟ್ಟುವುದು, ನೀರು ಹುಡುಕುವುದು, ಗಿಡ ಸಾಕುವುದು, ಅಡುಗೆ, ಮದ್ದು ಎಲ್ಲವೂ ಇವೆ. ಸುಮಾರು 1300ರ ರಟ್ಟಕವಿ ಮಳೆಯ ನಿಮಿತ್ತಗಳನ್ನೇ ಹಿಡಿದು ರಟ್ಟಮತವೆಂಬ ಇಡೀ ಗ್ರಂಥ ಬರೆದ. ಅವರ ಸಾಲಿನಲ್ಲಿ ಮಣೆ ಹಾಕಿಕೊಂಡು ಕೂರುವಷ್ಟು ಧೈರ್ಯ ಈ ಗ್ರಂಥಕರ್ತನಿಗಿಲ್ಲ; ಜಗಲಿಯ ಕೆಳಗೆ ಗೋಣಿಚೀಲ ಹಾಸಿಕೊಂಡರೆ ಸಾಕು.

ಅವಧಿ ನಿರ್ಣಯ: ಸ್ವಾತಿ ಮಳೆ ಹಿಂದೆ ಸರಿದಲ್ಲಿಂದ ಧನುರ್ಮಾಸದ ಮೊದಲ ಹುಗ್ಗಿ ಬೇಯುವವರೆಗೆ. ನಡುವೆ ವಿಶಾಖ, ಅನುರಾಧ, ಜ್ಯೇಷ್ಠ ಎಂಬ ಮೂರು ಮಳೆ ನಕ್ಷತ್ರಗಳು ಹಾದುಹೋಗುತ್ತವೆ. ಬರಲೇಬೇಕೆಂದೇನಿಲ್ಲ, ಬಂದರೆ ಬೇಡವೆನ್ನಲೂ ಆಗದು. ಡಿಸೆಂಬರ್ 21ರ ಸುಮಾರಿಗೆ ಅತಿ ಕಿರಿದಾದ ಹಗಲು ಎಂದು ಶಾಲೆಯಲ್ಲಿ ಓದಿದವರು, ಸಂಜೆಯೂ ಅಂದೇ ಬೇಗ ಕವಿಯುತ್ತದೆಂದು ತಿಳಿದಿರುತ್ತಾರೆ. ನಮ್ಮ ಅಕ್ಷಾಂಶದಲ್ಲಿ ಹಾಗಲ್ಲ. ಇಲ್ಲಿ ಸೂರ್ಯ ಎಲ್ಲಕ್ಕಿಂತ ಬೇಗ ಮುಳುಗುವುದು ನವೆಂಬರ್ ಮೂರನೆಯ ವಾರದ ಸುಮಾರಿಗೆ, ಆರು ಗಂಟೆಗೆ ಇನ್ನೂ ಹತ್ತು ನಿಮಿಷವಿರುವಾಗಲೇ. ಎಲ್ಲಕ್ಕಿಂತ ತಡವಾಗಿ ಹುಟ್ಟುವುದು ಜನವರಿ ಕೊನೆಗೆ. ಅಂದರೆ ಎಳೆಚಳಿ ಮೊದಲು ಸಂಜೆಯನ್ನು ಕದಿಯುತ್ತದೆ, ಬೆಳಗನ್ನು ಆಮೇಲೆ. ರಾಗಿ ಕೊಯ್ಯುವವರ ಕೂಲಿ ಲೆಕ್ಕದಲ್ಲಿ ಇದು ಸಣ್ಣ ವಿಷಯವಲ್ಲ.

ಅನ್ವಯ ನಿರ್ಣಯ: ಹೊಲವಿರುವಲ್ಲಿ ಮಾತ್ರ. 2008ರ ಮೇ 24ರಂದು ವಿಮಾನ ನಿಲ್ದಾಣ ಬಾಗಿಲು ತೆರೆದ ಮೇಲೆ ಈ ತಾಲ್ಲೂಕಿನ ಎಷ್ಟೋ ಹೊಲಗಳು ಬಡಾವಣೆಗಳಾಗಿವೆ. ಸೈಟಿನ ಮೂಲೆಗಲ್ಲುಗಳಿಗೆ ಚಳಿಯಾಗುವುದಿಲ್ಲ. ಆದರೆ ಚನ್ನರಾಯಪಟ್ಟಣ ಹೋಬಳಿಯವರು 1,777 ಎಕರೆ ಬಿಟ್ಟುಕೊಡೆವೆಂದು ಮೂರು ವರ್ಷಕ್ಕೂ ಮೇಲೆ ಧರಣಿ ಕೂತು, 2025ರ ಜುಲೈ 15ರಂದು ಸ್ವಾಧೀನ ಕೈಬಿಟ್ಟೆವೆಂದು ಸರ್ಕಾರದ ಬಾಯಲ್ಲೇ ಹೇಳಿಸಿದರು. ಅಷ್ಟು ನೆಲದ ಮಟ್ಟಿಗಾದರೂ ಈ ಗ್ರಂಥ ಊರ್ಜಿತದಲ್ಲಿದೆ.

ವರ್ಗೀಕರಣದ ಮೂಲಸೂತ್ರ

ಚಳಿಯನ್ನು ಯಾವುದರಿಂದ ವಿಂಗಡಿಸಬೇಕು? ಥರ್ಮಾಮೀಟರಿನಿಂದ ಎಂಬುದು ಪೂರ್ವಪಕ್ಷ. ಬೆಂಗಳೂರಿನಲ್ಲಿ 1884ರ ಜನವರಿ 13ರಂದು 7.8 ಡಿಗ್ರಿ ದಾಖಲಾಯಿತು, ಅದಕ್ಕಿಂತ ಕೆಳಗೆ ಎಂದೂ ಇಳಿದಿಲ್ಲ. ಆದ್ದರಿಂದ ನಿಮ್ಮ ನವೆಂಬರಿನ ಹದಿನಾರು, ಹದಿನೇಳು ಡಿಗ್ರಿಯೆಲ್ಲ ಚಳಿಯೇ ಅಲ್ಲ ಎಂದು ಈ ಪಕ್ಷದವರು ವಾದಿಸುತ್ತಾರೆ. ಬೆಂಗಳೂರಿಂದ ಬರುವ ನೆಂಟರಲ್ಲಿ ಇಂಥವರು ಮನೆಗೊಬ್ಬರಂತೆ ಇರುತ್ತಾರೆ. ರಾತ್ರಿ ಊಟವಾದ ಮೇಲೆ ಕಂಬಳಿ ಕೇಳುವವರಲ್ಲಿ ಮೊದಲಿಗರೂ ಅವರೇ.

ಸಿದ್ಧಾಂತ ಹೀಗಿದೆ. ವೀಕ್ಷಣಾಲಯದ ಥರ್ಮಾಮೀಟರು ನೆಲದಿಂದ ಸುಮಾರು ನಾಲ್ಕಡಿ ಮೇಲೆ, ಸಂದುಗಳುಳ್ಳ ಬಿಳಿ ಪೆಟ್ಟಿಗೆಯೊಳಗೆ ಕುಳಿತಿರುತ್ತದೆ. ಚಳಿಯ ಮನೆ ಅದಲ್ಲ. ರಾತ್ರಿ ನೆಲ ತಣ್ಣಗಾಗುವುದರಿಂದ ನೆಲವೇ ಎಲ್ಲಕ್ಕಿಂತ ತಣ್ಣಗಿರಬೇಕೆಂದು ಲೋಕವೆಲ್ಲ ನಂಬಿದ್ದಾಗ, ಹವಾಮಾನ ವಿಜ್ಞಾನಿ ಎಲ್.ಎ. ರಾಮದಾಸ್ 1932ರಲ್ಲಿ ಬೇರೆಯದೇ ಮಾತು ಹೇಳಿದರು: ಮೋಡವಿಲ್ಲದ, ಗಾಳಿಯಾಡದ ರಾತ್ರಿಗಳಲ್ಲಿ ಅತಿ ತಣ್ಣನೆಯ ಗಾಳಿ ಇರುವುದು ನೆಲದ ಮೇಲಲ್ಲ, ಅದಕ್ಕಿಂತ ಒಂದು ಗೇಣು, ಒಂದು ಮೊಳ ಮೇಲೆ. ಹೊರದೇಶದವರು ಇದನ್ನು ಬಹಳ ಕಾಲ ನಂಬಲಿಲ್ಲ, ಅಳೆಯುವುದರಲ್ಲೇ ಏನೋ ದೋಷವಿದೆ ಎಂದರು. ಕಡೆಗೆ 1993ರಲ್ಲಿ ರೊದ್ದಂ ನರಸಿಂಹ ಮತ್ತು ಸಂಗಡಿಗರು ಬೆಂಗಳೂರಿನಲ್ಲೇ ಕುಳಿತು, ನೆಲವೂ ಅದರ ಮೇಲಿನ ಗಾಳಿಯೂ ಶಾಖವನ್ನು ಹೊರಸೂಸುವ ಲೆಕ್ಕ ಹಾಕಿ, ಇದು ಆಗುವ ಬಗೆಯನ್ನು ವಿವರಿಸಿದರು. ಪುಸ್ತಕಗಳಲ್ಲಿ ಈಗ ಅದಕ್ಕೆ ರಾಮದಾಸ್ ಪದರ ಎಂಬ ಹೆಸರೇ ಇದೆ.

ಆ ಒಂದು ಮೊಳದ ಎತ್ತರದಲ್ಲಿ ವಾಸ ಯಾರದು? ನಾಯಿಯದು, ಮಲಗಿದ ಕರುವಿನದು, ಅವರೆ ಹೂವಿನದು, ಕುಡುಗೋಲು ಹಿಡಿದು ಬಗ್ಗಿದ ಹೆಂಗಸರ ಕೈಗಳದು. ನಾಲ್ಕಡಿ ಮೇಲಿನ ಡಿಗ್ರಿಯನ್ನು ಪತ್ರಿಕೆಯಲ್ಲಿ ಓದಿಕೊಂಡು ಇವರ ಚಳಿಯನ್ನು ನಿರ್ಧರಿಸುವುದನ್ನು ತಾರ್ಕಿಕರು ಅವ್ಯಾಪ್ತಿ ದೋಷ ಎನ್ನುತ್ತಾರೆ.

ಆದ್ದರಿಂದ ಸೂತ್ರ: ಪ್ರತಿಯೊಂದು ಚಳಿಗೂ ಒಬ್ಬ ಫಿರ್ಯಾದಿ ಇರುತ್ತಾನೆ, ಒಬ್ಬ ಫಲಾನುಭವಿ ಇರುತ್ತಾನೆ. ಯಾರ ಕೆಲಸ ಕೆಟ್ಟಿತು, ಯಾರ ಕೆಲಸ ಕೂಡಿತು ಎಂಬ ಎರಡು ಪ್ರಶ್ನೆ ಕೇಳಿದರೆ ಚಳಿ ತಾನಾಗಿ ತನ್ನ ಜಾತಿ ಹೇಳುತ್ತದೆ. ಈ ಸೂತ್ರವನ್ನು ಪಕ್ಕದ ಹೊಲದ ತಾತನಿಗೆ ವಿವರಿಸಿದಾಗ, "ಅದ್ಕೇನ್ ಪುಸ್ತಕ ಬೇಕಾ? ನಮ್ ತಾಯಿ ಬೆಳಗ್ಗೆ ಎದ್ದು ಬಾಗ್ಲು ತೆಗೆದ ತಕ್ಷಣ ಯಾರನ್ನ ಬೈತಿದ್ಲು ನೋಡ್ಕೊಂಡೇ ನಾವು ಮಳೇನೋ ಮಂಜೋ ಅಂತ ತಿಳ್ಕೋತಿದ್ವಿ" ಎಂದ. ಸೂತ್ರಕ್ಕೆ ಆಪ್ತವಾಕ್ಯದ ಬಲ ಸಿಕ್ಕಿದಂತಾಯಿತು.

ಮೋಡಚಳಿ

ಇದು ಬಂಗಾಳ ಕೊಲ್ಲಿಯಲ್ಲಿ ಹುಟ್ಟಿ, ತಮಿಳುನಾಡಿನ ಕರಾವಳಿಯಲ್ಲಿ ಬೆಳೆದು, ನಮ್ಮ ಹೊಲಕ್ಕೆ ಬರುವ ಹೊತ್ತಿಗೆ ಸುಸ್ತಾಗಿ ಕೂತುಬಿಡುವ ಚಳಿ. ಲಕ್ಷಣ: ಸೂರ್ಯ ಕಾಣುವುದಿಲ್ಲ, ಹಗಲಿಗೂ ರಾತ್ರಿಗೂ ಶಾಖದಲ್ಲಿ ಹೆಚ್ಚು ಭೇದವಿಲ್ಲ, ಮೂಡಣ ಗಾಳಿ, ನಂದಿ ಬೆಟ್ಟ ಇರುವ ಕಡೆ ಏನೂ ಇರುವುದಿಲ್ಲ. 1,478 ಮೀಟರ್ ಎತ್ತರದ ಒಂದು ಬೆಟ್ಟವನ್ನು ಬೆಳಗಾಗುವುದರೊಳಗೆ ಅಳಿಸಿಹಾಕುವ ಈ ವಿದ್ಯೆ ಉಳಿದ ಯಾವ ಚಳಿಗೂ ಇಷ್ಟು ಸಲೀಸಲ್ಲ. ರಾತ್ರಿ ಥರ್ಮಾಮೀಟರು ಹೆಚ್ಚೇನೂ ಇಳಿಯದ ಕಾರಣ ಪೂರ್ವಪಕ್ಷದವರಿಗೆ ಇದು ಚಳಿಯಾಗಿ ಕಾಣುವುದೇ ಇಲ್ಲ. ಮಧ್ಯಾಹ್ನ ಎರಡಕ್ಕೂ ಸ್ವೆಟರ್ ಬಿಚ್ಚಲಾಗದ ಚಳಿ ಇದೊಂದೇ.

ಫಿರ್ಯಾದಿ: ರಾಗಿ. ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಎಳೆಚಳಿಯ ಅರ್ಧ ವ್ಯಾಜ್ಯ ರಾಗಿಯದೇ.

ಜುಲೈ, ಆಗಸ್ಟಿನಲ್ಲಿ ಬಿತ್ತಿದ ರಾಗಿ ಈ ಹೊತ್ತಿಗೆ ತೆನೆ ಮಡಚಿಕೊಂಡು ಕಂದು ಬಣ್ಣಕ್ಕೆ ತಿರುಗಿರುತ್ತದೆ. ನಿಂತಿರುವ ಪೈರಿನ ಮೇಲೆ ಒಂದು ಹದ ಮಳೆ ಬಿದ್ದರೆ ಹೇಗೋ ತಡೆದುಕೊಳ್ಳುತ್ತದೆ. ಕೊಯ್ದು ಅರಿ ಹಾಕಿದ ಮೇಲೆ ಬಿದ್ದರೆ ಕಥೆಯೇ ಬೇರೆ. ಅರಿ ಎಂದರೆ ಕೊಯ್ದ ರಾಗಿಯನ್ನು ಒಣಗಲೆಂದು ನೆಲದ ಮೇಲೆ ಸಾಲಾಗಿ ಮಲಗಿಸುವುದು. ಅಲ್ಲಿ ನಾಲ್ಕು ದಿನ ಜಡಿ ಹಿಡಿದರೆ ತೆನೆಯಲ್ಲೇ ಮೊಳಕೆ. 2021ರ ನವೆಂಬರಿನಲ್ಲಿ ಬೆಂಗಳೂರು ಗ್ರಾಮಾಂತರ, ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಆದದ್ದು ಇದೇ: ಹೊಲದಲ್ಲಿ ಮಲಗಿದ್ದ ರಾಗಿ ಹೊಲದಲ್ಲೇ ಮತ್ತೆ ಚಿಗುರಿತು. ರಾಗಿಯನ್ನು ಬಿತ್ತದೆಯೂ ಬೆಳೆಯಬಹುದು ಎಂಬುದಕ್ಕೆ ಅದು ಪ್ರಮಾಣ. ಆದರೆ ಬೆಳೆಯಬಾರದ ಜಾಗದಲ್ಲಿ, ಬೇಡದ ತಿಂಗಳಲ್ಲಿ.

ಮೋಡಚಳಿಯ ಉಪಜಾತಿಗಳಿಗೆ ನಾಮಕರಣ ಮಾಡುವ ಹಕ್ಕು ನಮ್ಮದಲ್ಲ. ಉತ್ತರ ಹಿಂದೂ ಮಹಾಸಾಗರದ ದಡದ ದೇಶಗಳು ಸರದಿಯಂತೆ ಚಂಡಮಾರುತಗಳಿಗೆ ಹೆಸರು ಕೊಡುತ್ತವೆ. 2020ರ ನವೆಂಬರಿನ ನಿವಾರ್ ಇರಾನಿನ ಹೆಸರು. 2022ರ ಡಿಸೆಂಬರ್ 9ರ ರಾತ್ರಿ ಮಾಮಲ್ಲಪುರದ ಬಳಿ ದಡ ಹತ್ತಿದ ಮಾಂಡೂಸ್ ಸಂಯುಕ್ತ ಅರಬ್ ಸಂಸ್ಥಾನದ್ದು. 2024ರ ನವೆಂಬರ್ ಕೊನೆಗೆ ಪುದುಚೇರಿ ಬಳಿ ಬಂದ ಫೆಂಗಲ್ ಸೌದಿ ಅರೇಬಿಯಾದ್ದು. ಮಳೆಯನ್ನೇ ಅಪರೂಪಕ್ಕೆ ಕಾಣುವ ಮರಳುನಾಡಿನವರು ಹೆಸರಿಟ್ಟ ಮಳೆ ಬಂದು ನಮ್ಮ ರಾಗಿ ಕಣವನ್ನು ನೆನೆಸುವುದರಲ್ಲಿ ಏನೋ ಕರ್ಮಸಿದ್ಧಾಂತ ಅಡಗಿದೆ; ಅದನ್ನು ಬಿಡಿಸುವುದು ಈ ಗ್ರಂಥದ ವ್ಯಾಪ್ತಿಗೆ ಮೀರಿದ್ದು. ತಾತ ಮಾತ್ರ ಈ ಹೆಸರುಗಳನ್ನು ಬಳಸುವುದಿಲ್ಲ. ಅವನ ಬಾಯಲ್ಲಿ ಎಲ್ಲವೂ "ಮದ್ರಾಸ್ ಕಡೆದು".

ಮೋಡಚಳಿಗೆ ಹೆದರಿಯೇ ಕಣಗಳಲ್ಲಿ ಭೇದಗಳು ಹುಟ್ಟಿವೆ. ಒಂದು, ಸಗಣಿ ಸಾರಿಸಿ, ನಡುವೆ ಮೇಟಿ ನೆಟ್ಟು, ಎತ್ತು ಕಟ್ಟಿ ರೋಣಗಲ್ಲು ಎಳೆಸುತ್ತಿದ್ದ ಹಳೆಯ ಕಣ. ಇದನ್ನು ಸನಾತನ ಕಣ ಎನ್ನೋಣ. ಇದು ಈಗ ಹೆಚ್ಚಾಗಿ ನೆನಪಿನಲ್ಲಿ, ಇಲ್ಲವೇ ಫೋಟೋದಲ್ಲಿ. ಎರಡನೆಯದು ಡಾಂಬರು ಕಣ. ರಸ್ತೆಯ ಉದ್ದಕ್ಕೂ ತೆನೆ ಹರವಿ, ಬಸ್ಸು, ಲಾರಿ, ಬೆಂಗಳೂರಿಂದ ಬರುವ ಕಾರು, ಎಲ್ಲರಿಂದಲೂ ಕೂಲಿಯಿಲ್ಲದೆ ತುಳಿಸುವ ಪದ್ಧತಿ. ಇದು ಕಾನೂನಿಗೆ ವಿರುದ್ಧ, ಬೈಕಿನವರಿಗೆ ಅಪಾಯ, ರಾಗಿಗೆ ಕಲ್ಲು ಮರಳು. ಇಷ್ಟಾದರೂ ಬಿಸಿಯಾದ ಕಪ್ಪು ನೆಲ ತೆನೆಯನ್ನು ಒಣಗಿಸುವಷ್ಟು ಚೆನ್ನಾಗಿ ಬೇರೇನೂ ಒಣಗಿಸುವುದಿಲ್ಲ ಎಂಬುದನ್ನು ಸತ್ಯಕ್ಕಾಗಿ ಹೇಳಲೇಬೇಕು. ಮೂರನೆಯದು ಟಾರ್ಪಾಲಿನ ಕಣ: ಹರವುವುದು, ಮೋಡ ನೋಡುವುದು, ಮುಚ್ಚುವುದು, ಬಿಸಿಲು ನೋಡುವುದು, ತೆಗೆಯುವುದು. ಇದರಲ್ಲಿ ರಾಗಿಗಿಂತ ಮನೆಯವರು ಚೆನ್ನಾಗಿ ಒಣಗುತ್ತಾರೆ. ನಾಲ್ಕನೆಯದಕ್ಕೆ ಕಣವೇ ಇಲ್ಲ: ಕಟಾವಿನ ಮೆಷಿನ್ ನೇರ ಹೊಲಕ್ಕೆ ಇಳಿದು, ಕೊಯ್ದು, ಬಡಿದು, ಕಾಳನ್ನು ಟ್ರ್ಯಾಕ್ಟರಿಗೆ ಸುರಿದು ಹೋಗುತ್ತದೆ. ಹುಲ್ಲು ಮಾತ್ರ ಹಿಂದೆ ಕೈಯಲ್ಲಿ ಕೊಯ್ದು ಮೆದೆ ಹಾಕುತ್ತಿದ್ದಂತೆ ಉಳಿಯುವುದಿಲ್ಲ. ಹೊಲ ಹಸಿಯಿದ್ದರೆ ಮೆಷಿನ್ ಹೂತುಕೊಳ್ಳುತ್ತದೆ, ಆಗ ಅದನ್ನು ಎಳೆಯಲು ಎರಡನೆಯ ಮೆಷಿನ್ ಬರಬೇಕು. ಮೋಡ ಕಂಡ ದಿನ ಸೀಮೆಯ ಎಲ್ಲ ಹೊಲದವರೂ ಒಂದೇ ಮೆಷಿನ್‌ನವನಿಗೆ ಫೋನು ಮಾಡುವುದರಿಂದ ಅವನ ಫೋನು ಸ್ವಿಚ್ ಆಫ್ ಆಗಿರುತ್ತದೆ. ಹೀಗಾಗಿ ಮೆಷಿನ್‌ನವನ ಫೋನು ಎಂಬುದೂ ಒಂದು ಹವಾಮಾನ ಸೂಚಕವೇ. ರಟ್ಟಕವಿಯ ಕಾಲದಲ್ಲಿ ಅದಿರಲಿಲ್ಲವಾದ್ದರಿಂದ ಇಲ್ಲಿ ಹೊಸದಾಗಿ ಸೇರಿಸಿದೆ.

ಮೋಡಚಳಿಯ ಫಲಾನುಭವಿ ಯಾರು? ಕೆರೆ. ಹೆಬ್ಬಾಳ, ನಾಗವಾರ ಕಣಿವೆಯ ಸಂಸ್ಕರಿಸಿದ ನೀರು ಪೈಪಿನಲ್ಲಿ ಬರತೊಡಗಿದ ಮೇಲೂ, ಆಕಾಶದಿಂದ ಬಂದ ನೀರಿಗೆ ಕೋಡಿಯ ಬಳಿ ನಿಂತು ನೋಡುವ ಜನ ಇನ್ನೂ ಇದ್ದಾರೆ. ಬೋರ್‌ವೆಲ್ಲಿನವರಿಗೂ ಒಳಗೊಳಗೇ ಸಂತೋಷ. ಅದನ್ನು ರಾಗಿಯವರ ಎದುರು ತೋರಿಸಿಕೊಳ್ಳುವುದಿಲ್ಲ, ಅಷ್ಟೇ.

ಇಬ್ಬನಿಚಳಿ

ಮೋಡ ಚದುರಿದ ಮಾರನೆಯ ರಾತ್ರಿ ಇದು ಹುಟ್ಟುತ್ತದೆ. ಆಕಾಶ ತೊಳೆದಿಟ್ಟಂತಿರುತ್ತದೆ, ಗಾಳಿ ಇಲ್ಲ, ನಕ್ಷತ್ರ ಹೆಚ್ಚು. ನೆಲದ ಶಾಖವನ್ನು ಹಿಡಿದಿಡುವ ಮೋಡದ ಹೊದಿಕೆ ಇಲ್ಲದ್ದರಿಂದ ಹಗಲೆಲ್ಲ ಕೂಡಿಟ್ಟದ್ದು ರಾತ್ರಿ ಖರ್ಚು. ಬೆಳಗ್ಗೆ ಹುಲ್ಲಿನ ತುದಿಯಲ್ಲಿ, ಜೇಡರ ಬಲೆಯಲ್ಲಿ, ಬೈಕಿನ ಸೀಟಿನಲ್ಲಿ ನೀರು. ಹತ್ತು ಗಂಟೆಗೆಲ್ಲ ಬೆನ್ನು ಸುಡುವ ಬಿಸಿಲು. ಒಂದೇ ದಿನದಲ್ಲಿ ಸ್ವೆಟರ್ ಹಾಕಿ ಬಿಚ್ಚಿ ಹಾಕುವುದು ಇದರ ಅಸಾಧಾರಣ ಲಕ್ಷಣ.

ಫಲಾನುಭವಿ: ಅವರೆ. ರಾಗಿ ಹೊಲದ ಅಕ್ಕಡಿ ಸಾಲುಗಳಲ್ಲಿ ತೊಗರಿ, ಹುಚ್ಚೆಳ್ಳು, ಸಾಸಿವೆಯ ಜೊತೆ ನಿಂತು, ರಾಗಿ ಇರುವಷ್ಟು ದಿನ ತಲೆ ತಗ್ಗಿಸಿಕೊಂಡಿದ್ದು, ರಾಗಿ ಕೊಯ್ದ ಮೇಲೆ ಹೊಲ ತನ್ನದೇ ಎಂಬಂತೆ ಹರಡಿಕೊಳ್ಳುವ ಬೆಳೆ ಇದು. ನಾಟಿ ಅವರೆ ಹಗಲು ಕಿರಿದಾಗುವ ತನಕ ಹೂ ಬಿಡುವುದಿಲ್ಲ. ಎಷ್ಟು ಬೇಗ ಬಿತ್ತಿದರೂ ಅದು ಕಾಯುತ್ತದೆ. ಅದರ ಪಂಚಾಂಗ ಸೂರ್ಯನದು, ರೈತನದಲ್ಲ. ಈ ಹಠವನ್ನು ಮುರಿಯಲೆಂದೇ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದವರು ಹಗಲಿನ ಉದ್ದವನ್ನು ಲೆಕ್ಕಿಸದ ಎಚ್‌ಎ-3, ಎಚ್‌ಎ-4 ತಳಿಗಳನ್ನು ಬೆಳೆಸಿದರು. ಈಗ ಅವರೆ ವರ್ಷದ ಯಾವ ತಿಂಗಳಲ್ಲೂ ಸಿಗುತ್ತದೆ.

ಇಲ್ಲಿ ಮತಭೇದವಿದೆ. ಬೇಸಿಗೆಯ ಅವರೆಯೂ ಅವರೆಯೇ ಎನ್ನುವವರು ಅದ್ವೈತಿಗಳು. ಸೊಗಡಿಲ್ಲದ್ದು ಅವರೆಯೇ ಅಲ್ಲ, ಅದರ ಆಭಾಸ ಮಾತ್ರ ಎನ್ನುವವರು ದ್ವೈತಿಗಳು. ಸೊಗಡು ಎಂದರೆ ಕಾಯಿಯ ಮೇಲಿನ ಆ ಅಂಟು, ಬಿಡಿಸಿದ ಮೇಲೆ ಬೆರಳಿನಿಂದ ಸೋಪಿಗೂ ಹೋಗದ ಆ ವಾಸನೆ. ಇಬ್ಬನಿ ಬಿದ್ದಷ್ಟೂ ಸೊಗಡು ಹೆಚ್ಚು ಎಂಬುದು ಈ ಸೀಮೆಯ ಸರ್ವಸಮ್ಮತ ನಂಬಿಕೆ. ಇಬ್ಬನಿ ತಾನಾಗಿ ವಾಸನೆ ಕೊಡುತ್ತದೆಯೇ, ಅಥವಾ ಸೊಗಡಿನ ನಾಟಿ ಕಾಯಿಯೂ ಇಬ್ಬನಿಯೂ ಒಂದೇ ತಿಂಗಳಲ್ಲಿ ಬರುವುದರಿಂದ ಕೀರ್ತಿ ಇಬ್ಬನಿಗೆ ಹೋಗಿದೆಯೇ ಎಂದು ತಾರ್ಕಿಕರು ಕೇಳಬಹುದು. ನನ್ನ ಒಲವು ಎರಡನೆಯದಕ್ಕೆ. ನಮ್ಮ ಮನೆಯಲ್ಲಿ ಇದನ್ನು ಗಟ್ಟಿಯಾಗಿ ಹೇಳಿದ ದಿನ ಹಿದುಕಿದ ಬೇಳೆ ಸಾರು ನನ್ನ ತಟ್ಟೆಗೆ ಕೊನೆಯಲ್ಲಿ ಬಂತು. ಆದ್ದರಿಂದ ಗ್ರಂಥದಲ್ಲಿ ಉಭಯ ಪಕ್ಷವನ್ನೂ ದಾಖಲಿಸಿ ಮುಂದೆ ಹೋಗುತ್ತೇನೆ.

ಹಿದುಕುವ ಕೆಲಸವೂ ಇಬ್ಬನಿಚಳಿಗೆ ಸೇರಿದ್ದು. ರಾತ್ರಿ ನೆನೆಹಾಕಿದ ಕಾಳನ್ನು ಬೆಳಗ್ಗೆ ಕೊರೆಯುವ ನೀರಿನಿಂದ ತೆಗೆದು, ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಬೇಳೆ ಚಿಮ್ಮುತ್ತದೆ. ಮನೆಗೆ ಬಂದವರನ್ನೆಲ್ಲ ಕೂರಿಸಿ ಕೈಗೊಂದು ಹಿಡಿ ಕೊಡುವುದು ಸಂಪ್ರದಾಯ. ಡಿಸೆಂಬರಿನಲ್ಲಿ ಈ ಸೀಮೆಯ ಯಾವ ಮನೆಯ ಜಗಲಿಯಲ್ಲೂ ಬರಿಗೈಯಲ್ಲಿ ಹರಟೆ ಹೊಡೆಯಲು ಸಾಧ್ಯವಿಲ್ಲ.

ಇಬ್ಬನಿಚಳಿಗೆ ಇನ್ನೊಬ್ಬ ಫಲಾನುಭವಿ ಹುರುಳಿ ಕೀಳುವವನು. ಬಿಸಿಲೇರಿದ ಮೇಲೆ ಹುರುಳಿ ಕಿತ್ತರೆ ಒಣಗಿದ ಕಾಯಿ ಸಿಡಿದು ಕಾಳೆಲ್ಲ ಹೊಲದ ಪಾಲು. ಇಬ್ಬನಿಯಲ್ಲಿ ಕಾಯಿ ಮೆತ್ತಗಿರುವಾಗಲೇ ಕೀಳಬೇಕು. ಅದೇ ಇಬ್ಬನಿ ಪಕ್ಕದ ಕಣದಲ್ಲಿ ರಾಗಿ ಬಡಿಯಲು ಕಾದು ಕುಳಿತವನ ವೈರಿ. ತೆನೆಯ ತೇವ ಆರುವ ತನಕ ಅವನಿಗೆ ಬೀಡಿ ಸೇದುವುದನ್ನು ಬಿಟ್ಟು ಬೇರೆ ಕೆಲಸವಿಲ್ಲ. ಒಂದು ಬದುವಿನ ಆಚೆಗೂ ಈಚೆಗೂ ಒಂದೇ ಹನಿಯ ಮೇಲೆ ಎರಡು ತೀರ್ಪು. ಥರ್ಮಾಮೀಟರಿನ ಪಕ್ಷದವರು ಇದಕ್ಕೆ ಏನು ಹೇಳುತ್ತಾರೋ ಹೇಳಲಿ.

ಕಾವಳ

ಇಬ್ಬನಿಚಳಿಯ ರಾತ್ರಿಯಲ್ಲೇ, ಮಣ್ಣಿನಲ್ಲಿ ಹಿಂಗಾರಿನ ತೇವವೂ ಉಳಿದಿದ್ದರೆ, ನೀರಿನ ಹನಿ ಹುಲ್ಲಿನ ಮೇಲೆ ಕೂರುವ ಬದಲು ಗಾಳಿಯಲ್ಲೇ ತೂಗಾಡತೊಡಗುತ್ತದೆ. ಅದೇ ಕಾವಳ. ಮೋಡಚಳಿ ತೇವ ಕೊಡಬೇಕು, ಇಬ್ಬನಿಚಳಿ ತಂಪು ಕೊಡಬೇಕು. ಆದ್ದರಿಂದ ಇದು ಸಂಕರ ಜಾತಿ. ಕೆರೆಯಂಗಳ, ತಗ್ಗಿನ ಹೊಲಗಳಲ್ಲಿ ಮೊದಲು ಇಳಿಯುತ್ತದೆ, ಬಿಸಿಲೇರಿದ ಮೇಲೆ ಅಲ್ಲಿಂದ ಕೊನೆಗೆ ಏಳುತ್ತದೆ.

ಫಿರ್ಯಾದಿ: ವಿಮಾನ. ತಾಲ್ಲೂಕಿನಲ್ಲಿ ಇಷ್ಟೊಂದು ಕಾಡಿಬೇಡುವ ಫಿರ್ಯಾದಿ ಇನ್ನೊಬ್ಬನಿಲ್ಲ. ರಾಗಿ ಕೆಟ್ಟರೆ ಪತ್ರಿಕೆಯ ಒಳಪುಟ, ವಿಮಾನ ತಡವಾದರೆ ಮುಖಪುಟ. ನಿಲ್ದಾಣದ ಸುತ್ತ ಮಂಜು ಯಾವಾಗ ಇಳಿಯುತ್ತದೆ, ಯಾವಾಗ ಏಳುತ್ತದೆ ಎಂಬುದನ್ನು ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದವರು ಉಪಕರಣ ನೆಟ್ಟು ಅಧ್ಯಯನ ಮಾಡಿದ್ದಾರೆ. ನಾನು ಮೇಲೆ ಹೇಳಿದ ರಾಮದಾಸ್ ಪದರದ ವಿದ್ಯೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಒಂದು ಮೊಳ ಎತ್ತರದ ಚಳಿ ನಾಯಿಗೆ ಮಾತ್ರವಲ್ಲ, ಏರ್‌ಬಸ್ಸಿಗೂ ಸಂಬಂಧಪಟ್ಟದ್ದು ಎಂದು ಆಗ ಗೊತ್ತಾಗುತ್ತದೆ.

ಕಣ್ಣು ಬಿಡದೆಯೇ ಕಾವಳವನ್ನು ತಿಳಿಯುವ ಒಂದು ಉಪಾಯ ಈ ಸೀಮೆಯಲ್ಲಿ ಮಾತ್ರ ಉಂಟು. ಹಾಸಿಗೆಯಲ್ಲೇ ಮಲಗಿ ಕಿವಿಗೊಡುವುದು. ಬೆಳಗಿನ ಜಾವ ಒಂದರ ಹಿಂದೊಂದು ಏಳಬೇಕಾದ ವಿಮಾನದ ಸದ್ದಿಲ್ಲದೆ, ಕೋಳಿಯ ಕೂಗು ಮಾತ್ರ ಸ್ಪಷ್ಟವಾಗಿ ಕೇಳಿದರೆ ಹೊರಗೆ ಕಾವಳವಿದೆ. ಇನ್ನರ್ಧ ಗಂಟೆ ಮಲಗಬಹುದು. ಬಹಳ ವರ್ಷ ಇದು ಅಬಾಧಿತ ಪ್ರಮಾಣವಾಗಿತ್ತು. 2019ರ ಡಿಸೆಂಬರಿನಲ್ಲಿ ಎರಡನೆಯ ರನ್‌ವೇ ಬಂತು. ಅದಕ್ಕೆ ಕ್ಯಾಟ್ 3ಬಿ ಎಂಬ ವ್ಯವಸ್ಥೆ ಕೂಡಿದ ಮೇಲೆ, ರನ್‌ವೇಯಲ್ಲಿ ಐವತ್ತು ಮೀಟರ್ ಕಂಡರೆ ವಿಮಾನ ಇಳಿಯಬಹುದು, 125 ಮೀಟರ್ ಕಂಡರೆ ಏರಬಹುದು. ಮೊದಲು ಇಳಿಯಲು 550 ಮೀಟರ್ ಕಾಣಬೇಕಿತ್ತು. ವಿಜ್ಞಾನ ಮುಂದುವರಿದಂತೆ ರೈತನ ನಿದ್ದೆ ಕಡಿಮೆಯಾಗುವುದಕ್ಕೆ ಇದೊಂದು ದೃಷ್ಟಾಂತ.

ಎರಡನೆಯ ಫಿರ್ಯಾದಿ ದ್ರಾಕ್ಷಿ. ಬೆಂಗಳೂರು ನೀಲಿ ಹೇಗೋ ಸಹಿಸುತ್ತದೆ, ನಾಟಿ ಮೈ. ದಿಲ್‌ಖುಷ್‌ನಂಥ ನಾಜೂಕಿನ ತಳಿಗಳ ಎಲೆಯಡಿ ತೇವ ನಿಂತಷ್ಟೂ ಬೂಜು ರೋಗ. ಹೆಸರಿನಲ್ಲಿ ಖುಷಿಯಿದ್ದರೂ ಕಾವಳದ ವಾರದಲ್ಲಿ ತೋಟದವನ ಮುಖದಲ್ಲಿ ಅದು ಕಾಣುವುದಿಲ್ಲ. ಬೆನ್ನ ಮೇಲೆ ಔಷಧಿ ಪಂಪು ಮಾತ್ರ ಕಾಣುತ್ತದೆ. ಚಕ್ಕೋತ ಮರಕ್ಕೆ ಮಾತ್ರ ಯಾವ ದೂರೂ ಇಲ್ಲ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ದೇವನಹಳ್ಳಿ ಚಕ್ಕೋತ ದಪ್ಪ ಸಿಪ್ಪೆಯ ಕೋಟಿನೊಳಗೆ ಆರಾಮವಾಗಿದೆ.

ಫಲಾನುಭವಿ: ನಂದಿ ಬೆಟ್ಟದ ದಾರಿಯ ಟೀ ಅಂಗಡಿಯವನು. ಸೂರ್ಯೋದಯ ನೋಡಲೆಂದು ಕತ್ತಲಲ್ಲೇ ಬೈಕೇರಿ ಬಂದು, ಸೂರ್ಯನೂ ಉದಯವೂ ಎರಡೂ ಕಾಣದೆ ಇಳಿದವರೆಲ್ಲ ಅವನ ಒಲೆಯ ಮುಂದೆ ಕೈ ಚಾಚುತ್ತಾರೆ. ಸೂರ್ಯ ಕಂಡಿದ್ದರೆ ಒಂದು ಟೀ, ಕಾಣದಿದ್ದರೆ ಎರಡು.

ಹುಳುಮನೆಯ ಚಳಿ

ಹೊರಗೆ ಯಾವ ಜಾತಿಯ ಚಳಿ ಇದ್ದರೂ ಒಳಗೆ ಚಳಿ ಇರಕೂಡದು. ಇದ್ದರೆ ಅದೇ ನಾಲ್ಕನೆಯ ವರ್ಗ. ವಿಜಯಪುರದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗುವ ಮನೆಗಳಿಗೆಲ್ಲ ಇದು ಎಲ್ಲಕ್ಕಿಂತ ಗಂಭೀರವಾದದ್ದು. ಚಾಕಿ ಹುಳುವಿಗೆ, ಅಂದರೆ ಎಳೆಯ ಹುಳುವಿಗೆ, ಇಪ್ಪತ್ತೇಳು, ಇಪ್ಪತ್ತೆಂಟು ಡಿಗ್ರಿ ಬೇಕು. ದೊಡ್ಡ ಹುಳುವಿಗೆ ಇಪ್ಪತ್ತನಾಲ್ಕು, ಇಪ್ಪತ್ತೈದು. ಮನೆಯ ಯಜಮಾನ ಹದಿನಾಲ್ಕರಲ್ಲಿ ಗೋಡೆಗೊರಗಿ ಮಲಗಿದ್ದರೂ ನಡೆಯುತ್ತದೆ.

ನಾಲ್ಕು ಸಲ ಪೊರೆ ಬಿಡುವಾಗ ಹುಳು ಸೊಪ್ಪು ಬಿಟ್ಟು ತಲೆಯೆತ್ತಿ ಸುಮ್ಮನಾಗುತ್ತದೆ. ಅದನ್ನು ನಮ್ಮವರು ಜ್ವರಕ್ಕೆ ಹೋಯಿತು ಎನ್ನುತ್ತಾರೆ: ಒಂದನೆ ಜ್ವರ, ಎರಡನೆ ಜ್ವರ, ಹೀಗೆ. ನವೆಂಬರಿನಲ್ಲಿ ಮನೆಯ ಮಕ್ಕಳಿಗೂ ಜ್ವರ ಬರುವುದರಿಂದ ಫೋನಿನಲ್ಲಿ ಕೇಳುವವರು ಯಾರ ಜ್ವರ, ಎಷ್ಟನೆಯದು ಎಂದು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಚಳಿ ಹೆಚ್ಚಾದರೆ ಹುಳು ಮಂದವಾಗಿ ಒಂದೆರಡು ದಿನ ಹೆಚ್ಚಿಗೆ ಮೇಯುತ್ತದೆ. ಅದೇ ಚಳಿಗೆ ಹಿಪ್ಪುನೇರಳೆ ಚಿಗುರುವುದು ನಿಧಾನ. ಅಂದರೆ ಉಣ್ಣುವ ಬಾಯಿ ಉದ್ದವಾಗುತ್ತದೆ, ಬಡಿಸುವ ಕೈ ಗಿಡ್ಡವಾಗುತ್ತದೆ. ಮನೆ ಬೆಚ್ಚಗಿಡಲು ಕಿಟಕಿ ಮುಚ್ಚಿದರೆ ತೇವ ಒಳಗೇ ನಿಲ್ಲುತ್ತದೆ, ತೇವಕ್ಕೆ ತಂಪು ಸೇರಿದರೆ ಸುಣ್ಣಕಟ್ಟು ರೋಗ. ಹುಳು ಸತ್ತು, ಬಿಗಿದು, ಸುಣ್ಣದ ಕಡ್ಡಿಯಾಗುತ್ತದೆ. ಕಿಟಕಿ ತೆರೆದರೆ ಚಳಿ, ಮುಚ್ಚಿದರೆ ಸುಣ್ಣಕಟ್ಟು. ಈ ಉಭಯಸಂಕಟಕ್ಕೆ ಕೆಲವರು ಹೀಟರ್ ಇಡುತ್ತಾರೆ, ಕೆಲವರು ಇದ್ದಿಲ ಒಲೆ ಇಟ್ಟು ಹೊಗೆ ಆರಿದ ಮೇಲೆ ಒಳಗೆ ತರುತ್ತಾರೆ. ಕರೆಂಟು ಹೋದ ರಾತ್ರಿ ಮನೆಯವರೆಲ್ಲ ಹುಳುಮನೆಯಲ್ಲೇ ಮಲಗುವುದುಂಟು. ಹುಳುವನ್ನು ಕಾಯಲು ಎಂದು ಹೇಳುತ್ತಾರೆ. ಊರಲ್ಲಿ ಬೆಚ್ಚಗಿರುವ ಕೋಣೆ ಅದೊಂದೇ ಎಂಬುದನ್ನು ಶಾಸ್ತ್ರಕಾರ ಮರೆಯಬಾರದು.

ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ಹತ್ತಿತೆಂದರೆ ಈ ವರ್ಗದ ವ್ಯಾಜ್ಯ ಮುಗಿಯಿತು. ಉಳಿದದ್ದು ಮಾರುಕಟ್ಟೆಯ ಹರಾಜಿನದು. ಅಲ್ಲಿನ ಏರುಪೇರು ಯಾವ ಹವಾಮಾನ ಶಾಸ್ತ್ರಕ್ಕೂ ಸಿಕ್ಕುವುದಿಲ್ಲ.

ವಾರಾಂತ್ಯದ ಚಳಿ

ಶುಕ್ರವಾರ ಸಂಜೆ ಫಾರಂಹೌಸಿನ ಗೇಟು ತೆರೆದಾಗ ಹುಟ್ಟಿ, ಭಾನುವಾರ ರಾತ್ರಿ ಟೋಲ್ ದಾಟುವಾಗ ಅಳಿಯುತ್ತದೆ. ಫಿರ್ಯಾದಿ ಇಲ್ಲ. ಫಲಾನುಭವಿ ಸೌದೆ ಮಾರುವವನು.

ಪ್ರಕೀರ್ಣ

ವರ್ಗಕ್ಕೆ ಸೇರದವು ಕೆಲವು ಉಳಿಯುತ್ತವೆ. ಹುಚ್ಚೆಳ್ಳಿನ ಹಳದಿ ಹೂವಿಗೆ ಮುತ್ತುವ ಜೇನು ಬಿಸಿಲೇರುವ ತನಕ ಹೊರಡುವುದಿಲ್ಲ, ಅದನ್ನು ಸೋಮಾರಿ ಎನ್ನುವಂತಿಲ್ಲ. ಬಾಲ ಕುಣಿಸುತ್ತ ಕೆರೆ ದಡಕ್ಕೆ ಇಳಿಯುವ ಸಿಪಿಲೆ ಹಿಮಾಲಯದ ಕಡೆಯ ಚಳಿಗೆ ಹೆದರಿ ಓಡಿಬಂದದ್ದು. ಅದಕ್ಕೆ ನಮ್ಮ ಎಳೆಚಳಿ ಬೇಸಿಗೆ ರಜೆ. ಇನ್ನು ಎತ್ತುಗಳು. ಕಣದಲ್ಲಿ ಕೆಲಸ ಕಳೆದುಕೊಂಡ ಹಳ್ಳಿಕಾರ್ ಎತ್ತುಗಳಿಗೆ ಮೈ ತೊಳೆದು, ಕೊಂಬು ಸವರಿ, ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಸಿದ್ಧ ಮಾಡುವುದು ಈ ಅವಧಿಯ ಕೊನೆಯ ಕೆಲಸ. ಅಲ್ಲಿ ಪೆಂಡಾಲಿನಡಿ ನಿಂತ ಜೋಡಿಗಳ ಬೆಲೆ ಕೇಳಿದರೆ ಬೆವರು ಬರುತ್ತದೆಯಾದ್ದರಿಂದ ಅದನ್ನು ಚಳಿಯ ಗ್ರಂಥದಲ್ಲಿ ಸೇರಿಸಲಾಗದು.

ಕೊನೆಗೆ ಒಂದು ಆಕ್ಷೇಪ ಉಳಿದಿದೆ. ಇದನ್ನು ಎತ್ತಿದವರು ನಮ್ಮ ಮನೆಯಾಕೆ. ಪ್ರತಿ ಚಳಿಗೂ ಫಿರ್ಯಾದಿ ಬೇರೆ, ಫಲಾನುಭವಿ ಬೇರೆ ಎಂದಿರಲ್ಲ, ಹಾಗಾದರೆ ನಮ್ಮ ಹಸು ಯಾವ ವರ್ಗ ಎಂದು ಕೇಳಿದರು. ಪರಿಶೀಲಿಸಿದೆ. ಮೋಡಚಳಿಯಲ್ಲಿ ಮೊಳೆತು ಕೆಟ್ಟ ರಾಗಿ ತೆನೆ ಅದರ ಗೋದಲಿಗೆ ಬಂತು. ಇಬ್ಬನಿಚಳಿಯಲ್ಲಿ ಮಂಕರಿಗಟ್ಟಲೆ ಅವರೆ ಸಿಪ್ಪೆ. ಕಾವಳದಲ್ಲಿ ಡೈರಿಯ ಗಾಡಿ ತಡವಾದರೆ ಮನೆಯಲ್ಲೇ ಉಳಿದ ಹಾಲು ಕರುವಿಗೆ. ಹುಳುಮನೆಯಲ್ಲಿ ಹುಳು ತಿಂದುಳಿಸಿದ ಹಿಪ್ಪುನೇರಳೆ ಸೊಪ್ಪು. ಅದರ ಮೇಲೆ ಹೊಸ ರಾಗಿ ಹುಲ್ಲು. ಸೀಮೆಹಸುವಾದ್ದರಿಂದ ತಂಪು ಹವೆಯೇ ಹಿತ, ಹಾಲೂ ಈಗಲೇ ಹೆಚ್ಚು. ಎಲ್ಲ ವರ್ಗಗಳಲ್ಲೂ ಫಲಾನುಭವಿ, ಯಾವುದರಲ್ಲೂ ಫಿರ್ಯಾದಿಯಲ್ಲ. ಲಕ್ಷಣಕ್ಕೆ ಇದು ಅತಿವ್ಯಾಪ್ತಿ. ಸೂತ್ರವನ್ನು ತಿದ್ದಬೇಕೋ ಹಸುವನ್ನೋ ಎಂದು ಯೋಚಿಸುತ್ತಿರುವಾಗಲೇ ಒಂದು ಸಮಾಧಾನ ಸಿಕ್ಕಿತು. ಅದಕ್ಕೂ ಒಂದು ಫಿರ್ಯಾದಿದೆ. ವಿಮಾನದ ಸದ್ದಿಲ್ಲವೆಂದು ನಾನು ಮಲಗಿಬಿಡುವ ಅರ್ಧ ಗಂಟೆಯ ಬಗ್ಗೆ. ಅದನ್ನು ಅದು ಐದೂವರೆಗೆ ಸರಿಯಾಗಿ, ಮೂರು ಮನೆಯಾಚೆ ತಾತನಿಗೂ ಕೇಳುವಂತೆ, ದಾಖಲಿಸುತ್ತದೆ.